ಬೆಟ್ಟದ ಹಿರಿಯ ದೇವರು

ಮೈಸೂರು ಸೀಮೆಯವರಿಗೆ ಒಂದು ದಿನದ ಪ್ರವಾಸ ಎಂದರೆ ಮೊದಲು ನೆನಪಾಗುವುದು ಚಾಮುಂಡಿ ಬೆಟ್ಟ. ಬಸ್ಸಿನಲ್ಲಿ ಮೇಲೆ ಹೋಗಿ, ಮಹಿಷಾಸುರನ ಪ್ರತಿಮೆಯ ಮುಂದೆ ಫೋಟೋ ತೆಗೆಸಿಕೊಂಡು, ಸಾಲಿನಲ್ಲಿ ನಿಂತು ತಾಯಿಯ ದರ್ಶನ ಮಾಡಿ, ಪ್ರಸಾದ ಪಡೆದು ಇಳಿದುಬರುತ್ತೇವೆ. ಸಮುದ್ರಮಟ್ಟದಿಂದ ಸುಮಾರು 3,489 ಅಡಿ ಎತ್ತರದ ಈ ಬೆಟ್ಟದಲ್ಲಿ ಚಾಮುಂಡೇಶ್ವರಿ ಗುಡಿಗಿಂತ ಹಳೆಯದಾದ ಇನ್ನೊಂದು ಗುಡಿ ಇದೆ ಎಂಬುದು ಹಾಗೆ ಬಂದುಹೋಗುವ ಬಹಳ ಜನರಿಗೆ ತಿಳಿದಿರುವುದಿಲ್ಲ.

ಅದು ಮಹಾಬಲೇಶ್ವರ ದೇವಾಲಯ. ಈ ಬೆಟ್ಟಕ್ಕೆ ಹಿಂದೆ ಮಹಾಬಲಾದ್ರಿ ಎಂಬ ಹೆಸರಿತ್ತು. ಹೊಯ್ಸಳ ವಿಷ್ಣುವರ್ಧನನ ಕಾಲದ, 1128ರ ಶಾಸನವೊಂದು ಇದನ್ನು ಮಾರ್ಬಳ ತೀರ್ಥ ಎಂದು ಕರೆಯುತ್ತದೆ. ಅಂದರೆ ಮೈಸೂರಿನಲ್ಲಿ ಒಡೆಯರ ಆಳ್ವಿಕೆ ಆರಂಭವಾಗುವುದಕ್ಕೆ ಶತಮಾನಗಳ ಮೊದಲೇ ಇದು ಹೆಸರಾದ ಶಿವಕ್ಷೇತ್ರವಾಗಿತ್ತು. ಒಡೆಯರ ಕುಲದೇವತೆಯಾಗಿ ಚಾಮುಂಡೇಶ್ವರಿಯ ಕೀರ್ತಿ ಬೆಳೆದಂತೆ ಬೆಟ್ಟದ ಹೆಸರೂ ಬದಲಾಯಿತು.

ಅರಸರಿಗೂ ಬೆಟ್ಟಕ್ಕೂ ಇದ್ದ ನಂಟಿನ ಬಗ್ಗೆ ಒಂದು ಐತಿಹ್ಯವಿದೆ. 16ನೇ ಶತಮಾನದ ಚಾಮರಾಜ ಒಡೆಯರೊಬ್ಬರು ಬೆಟ್ಟಕ್ಕೆ ಬಂದಿದ್ದಾಗ ಸಿಡಿಲು ಬಡಿಯಿತಂತೆ. ಪ್ರಾಣ ಉಳಿಯಿತು, ತಲೆಗೂದಲು ಮಾತ್ರ ಹೋಯಿತು. ಅಂದಿನಿಂದ ಅವರು ಬೋಳ ಚಾಮರಾಜರಾದರು. ಮುಂದೆ 1659ರಿಂದ 1673ರವರೆಗೆ ಆಳಿದ ದೊಡ್ಡದೇವರಾಜ ಒಡೆಯರು ಬೆಟ್ಟಕ್ಕೆ ಸಾವಿರ ಮೆಟ್ಟಿಲು ಕಟ್ಟಿಸಿದರು. ದಾರಿಯಲ್ಲಿ ಸಿಗುವ ದೊಡ್ಡ ನಂದಿಯೂ ಅವರ ಕಾಲದ್ದೇ. ಹದಿನೈದು ಅಡಿಗೂ ಮೀರಿದ ಎತ್ತರದ ಈ ಬಸವ ಒಂದೇ ಬಂಡೆಯಲ್ಲಿ ಕಡೆದದ್ದು. ಕೊರಳ ಗೆಜ್ಜೆಸರವನ್ನು ನೋಡುತ್ತಾ ನಿಂತರೆ ಹತ್ತಿದ ಆಯಾಸ ಮರೆತೇಹೋಗುತ್ತದೆ.

ಇಂದು ಕಾಣುವ ಏಳು ಅಂತಸ್ತಿನ ಗೋಪುರ ಮುಮ್ಮಡಿ ಕೃಷ್ಣರಾಜ ಒಡೆಯರ ಕೊಡುಗೆ, 1827ರದು. ನಾಲ್ಕೇ ವರ್ಷಗಳಲ್ಲಿ, 1831ರಲ್ಲಿ, ಬ್ರಿಟಿಷರು ಅವರಿಂದ ಆಡಳಿತವನ್ನು ಕಿತ್ತುಕೊಂಡರು. ದೇವಾಲಯದ ಒಳಗೆ ಅವರ ಪ್ರತಿಮೆ ಮೂವರು ರಾಣಿಯರೊಡನೆ ಕೈಮುಗಿದು ನಿಂತಿದೆ. ಸಿಂಹಾಸನವೇರಿದ ದೊರೆಯಾಗಿ ಅಲ್ಲ, ಭಕ್ತನಾಗಿ.

ಅರಸರ ಚರಿತ್ರೆಯಷ್ಟೇ ಬೆಟ್ಟದ ಚರಿತ್ರೆಯಲ್ಲ. ನಮ್ಮ ಜನಪದರ ಹಾಡಿನಲ್ಲಿ ಚಾಮುಂಡಿ ನಂಜನಗೂಡಿನ ನಂಜುಂಡನ ಒಲವಿನವಳು. ಬೆಟ್ಟದ ತಪ್ಪಲಿನ ಉತ್ತನಹಳ್ಳಿಯ ಮಾರಮ್ಮ ಅವಳ ತಂಗಿ. ರಕ್ಕಸನ ರಕ್ತ ನೆಲಕ್ಕೆ ಬೀಳದಂತೆ ನಾಲಿಗೆ ಚಾಚಿ ಅಕ್ಕನಿಗೆ ನೆರವಾದವಳು. ಆಷಾಢ ಶುಕ್ರವಾರಗಳಲ್ಲಿ ಹೆಣ್ಣುಮಕ್ಕಳು ಪ್ರತಿ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುವುದನ್ನು ಕಂಡವರಿಗೆ ಈ ಬೆಟ್ಟ ಯಾರದೆಂದು ಬಿಡಿಸಿ ಹೇಳಬೇಕಿಲ್ಲ.

ಇಂಥ ಬೆಟ್ಟವೂ ಸವೆಯುತ್ತದೆ. 2021ರ ಮಳೆಗೆ ನಂದಿಯ ಬಳಿಗೆ ಹೋಗುವ ರಸ್ತೆ ಕುಸಿಯಿತು. ಬೆಟ್ಟ ಎಷ್ಟು ವಾಹನ, ಎಷ್ಟು ಕಟ್ಟಡ ತಡೆದೀತು ಎಂಬ ಪ್ರಶ್ನೆ ಈಗ ನಮ್ಮೆಲ್ಲರದು. ಆದ್ದರಿಂದ ನಮ್ಮ ಶಾಲೆಯ ಮಕ್ಕಳನ್ನು ಮುಂದೆ ಬೆಟ್ಟಕ್ಕೆ ಕರೆದೊಯ್ಯುವಾಗ ಪಾದದ ಬಳಿ ಬಸ್ಸಿನಿಂದ ಇಳಿಸಿ ಮೆಟ್ಟಿಲು ಹತ್ತಿಸಬೇಕು, ತಾಯಿಯ ದರ್ಶನದ ನಂತರ ಮಹಾಬಲೇಶ್ವರನ ಗುಡಿಗೂ ಕರೆದೊಯ್ಯಬೇಕು ಎಂಬುದು ನನ್ನ ಕೋರಿಕೆ.

ಮೈಸೂರು ಸೀಮೆಯ ಸಾವಿರಾರು ಶಾಸನಗಳನ್ನು ಪ್ರಕಟಿಸಿದ ಬಿ.ಎಲ್. ರೈಸ್ ಅವರು ಶಾಲೆಗಳ ತಪಾಸಣೆಗೆಂದು ಊರೂರು ತಿರುಗುತ್ತಿದ್ದಾಗ ಆ ಕಲ್ಲುಗಳತ್ತ ಗಮನ ಹರಿಸಿದವರು. ಹೊಲದ ಬದುವಿನಲ್ಲೋ ಹಾಳುಗುಡಿಯ ಮುಂದೆಯೋ ಅಕ್ಷರವಿರುವ ಕಲ್ಲು ಕಂಡರೆ ಅದನ್ನು ಬಟ್ಟೆ ಒಗೆಯಲು ಬಳಸದೆ ಮೇಷ್ಟರಿಗೆ ತೋರಿಸುವ ಮಕ್ಕಳು ನಮ್ಮ ಶಾಲೆಯಿಂದ ಬರಲಿ. ಚರಿತ್ರೆಯ ಪಾಠ ಫಲಿಸಿತೆಂದು ಆಗ ಹೇಳಬಹುದು.