ಕಿರುತೆರೆಯ ದವಾಖಾನೆ

ಹೋದ ವರ್ಷ ನಮ್ಮ ಶಾಲೆಯ ವಾರ್ಷಿಕೋತ್ಸವದಲ್ಲಿ ಒಂಬತ್ತನೆಯ ತರಗತಿಯ ಹುಡುಗರು ‘ದವಾಖಾನೆ’ ಎಂಬ ಕಿರುನಾಟಕ ಆಡಿದರು. ಡಾಕ್ಟರನ ವೇಷದ ಹುಡುಗ ಸ್ಟೆತೊಸ್ಕೋಪನ್ನು ರೋಗಿಯ ಎದೆಗಿಡದೆ ಜೇಬಿಗಿಟ್ಟು, ಒಳಗೆ ಎಷ್ಟು ರೂಪಾಯಿ ಇದೆಯೆಂದು ಆಲಿಸಿದ. ಅವನ ಹಿಂದೆಯೇ ನರ್ಸ್ ಬಂದಳು. ಅವಳೂ ಹುಡುಗನೇ. ತುಟಿಗೆ ಬಣ್ಣ, ತಲೆಗೆ ರಟ್ಟಿನ ಬಿಳಿ ಟೊಪ್ಪಿಗೆ. ಸೊಂಟ ಬಳುಕಿಸುತ್ತ ಬಂದು ಮುದುಕ ರೋಗಿಯ ಕೈ ಹಿಡಿದು ನಾಡಿ ನೋಡಿದ್ದೇ ತಡ, ಮುದುಕ ಹಾಸಿಗೆಯಿಂದ ಜಿಗಿದು ಕುಣಿಯತೊಡಗಿದ. ಪೆಂಡಾಲಿಗೆ ಪೆಂಡಾಲೇ ನಕ್ಕಿತು. ನಾನೂ ನಕ್ಕೆ. ನಗುತ್ತ ನಗುತ್ತ ಪಕ್ಕಕ್ಕೆ ತಿರುಗಿದಾಗ ಹುಡುಗಿಯರ ಸಾಲಿನಲ್ಲಿ ಒಬ್ಬಳು ತಲೆ ತಗ್ಗಿಸಿ, ಲಂಗದ ಅಂಚನ್ನು ಬೆರಳಿಗೆ ಸುತ್ತುತ್ತ ಕುಳಿತಿದ್ದು ಕಂಡಿತು. ಅವಳ ತಾಯಿ ಊರಿನ ದವಾಖಾನೆಯೊಂದರಲ್ಲಿ ನರ್ಸ್ ಎಂಬುದು ನನಗೆ ಗೊತ್ತಿತ್ತು. ನನ್ನ ನಗು ಅರ್ಧಕ್ಕೆ ನಿಂತಿತು ಎಂದು ಬರೆದರೆ ಚೆನ್ನಾಗಿರುತ್ತದೆ. ಆದರೆ ಅದು ಸುಳ್ಳಾಗುತ್ತದೆ. ಇನ್ನೂ ಸ್ವಲ್ಪ ಹೊತ್ತು ನಗುತ್ತಲೇ ಇದ್ದೆ.

ಮುಗಿದ ಮೇಲೆ ಹುಡುಗರನ್ನು ಕರೆದು, “ಇದನ್ನೆಲ್ಲ ಯಾರು ಕಲಿಸಿದರಪ್ಪ?” ಎಂದು ಕೇಳಿದೆ.

“ಯಾರೂ ಕಲಿಸಿಲ್ರಿ ಟೀಚರ್. ಟಿ.ವಿ.ಯೊಳಗ ಹಿಂಗೇ ತೋರಸ್ತಾರಲ್ರಿ” ಎಂದರು.

ಬಸವಕಲ್ಯಾಣದಲ್ಲಿ ನನ್ನ ಶಾಲೆ, ಹುಮನಾಬಾದಿನಲ್ಲಿ ಮನೆ. ಸಸ್ತಾಪುರ ಬಂಗ್ಲಾದ ಹತ್ತಿರ ಬಸ್ಸು ಹೆದ್ದಾರಿಗೆ ಹತ್ತಿದ ಮೇಲೆ ಮನೆ ಮುಟ್ಟುವವರೆಗೂ ಆ ಹುಡುಗರ ಮಾತೇ ತಲೆಯಲ್ಲಿ. ಇತಿಹಾಸ ಕಲಿಸುವವರಿಗೆ ಒಂದು ಚಟವಿರುತ್ತದೆ. ಯಾವುದನ್ನು ಕಂಡರೂ ಇದು ಎಲ್ಲಿಂದ ಬಂತು, ಅದರ ಹಿಂದೆ ಏನಿತ್ತು ಎಂದು ಅಗೆಯುತ್ತ ಹೋಗುವುದು.

ಈ ಹೆದ್ದಾರಿಯಲ್ಲೇ ಹುಮನಾಬಾದಿಗೆ ಬೆನ್ನು ಮಾಡಿ ಹೊರಟರೆ ಉಮರ್ಗಾ ದಾಟಿ ಸೊಲ್ಲಾಪುರ. ನಮ್ಮ ಕಡೆಯವರಿಗೆ ದೊಡ್ಡ ರೋಗ ಬಂದರೆ ಒಂದೋ ಹೈದರಾಬಾದು, ಇಲ್ಲವೇ ಸೊಲ್ಲಾಪುರ. ತೆರೆಯ ಮೇಲೆ ಬಂದ ನಿಜಜೀವನದ ವೈದ್ಯರಲ್ಲಿ ಬಹು ದೊಡ್ಡ ಹೆಸರು ಆ ಊರಿನದೇ. ಡಾ. ದ್ವಾರಕಾನಾಥ ಕೋಟ್ನಿಸ್ ಹುಟ್ಟಿದ್ದು 1910ರಲ್ಲಿ, ಸೊಲ್ಲಾಪುರದಲ್ಲಿ. ಜಪಾನಿನ ದಾಳಿಗೆ ತುತ್ತಾಗಿದ್ದ ಚೀನಕ್ಕೆ 1938ರಲ್ಲಿ ಕಾಂಗ್ರೆಸ್ ಕಳಿಸಿದ ಐವರು ವೈದ್ಯರಲ್ಲಿ ಅವರೊಬ್ಬರು. ಉಳಿದವರು ಹಿಂತಿರುಗಿದರು, ಕೋಟ್ನಿಸ್ ಬರಲಿಲ್ಲ. 1942ರ ಡಿಸೆಂಬರಿನಲ್ಲಿ, 32ನೆಯ ವಯಸ್ಸಿಗೆ, ಅಲ್ಲಿಯೇ ತೀರಿಕೊಂಡರು. ಕೆ.ಎ. ಅಬ್ಬಾಸ್ ಅವರ ಕಥೆಯನ್ನು ಪುಸ್ತಕ ಮಾಡಿದರು. ವಿ. ಶಾಂತಾರಾಂ 1946ರಲ್ಲಿ ಅದನ್ನು ಸಿನಿಮಾ ಮಾಡಿ ತಾವೇ ಕೋಟ್ನಿಸ್ ಆದರು. ಜಯಶ್ರೀ ಅವರ ಚೀನೀ ಹೆಂಡತಿಯಾದರು.

ಆ ಹೆಂಡತಿಯ ಬಗ್ಗೆ ಸ್ವಲ್ಪ ಹೇಳಬೇಕು. ಗುವೊ ಚಿಂಗ್‌ಲಾನ್ ಎಂದು ಅವರ ಹೆಸರು. ನರ್ಸಿಂಗ್ ಓದಿದವರು. ಯುದ್ಧದ ನಡುವೆ ಅಲ್ಲಿನ ವೈದ್ಯಕೀಯ ಶಾಲೆಯಲ್ಲಿ ನರ್ಸಿಂಗ್ ಕಲಿಸುತ್ತಿದ್ದರು, ಎಂದರೆ ನನ್ನಂತೆ ಟೀಚರೂ ಹೌದು. ಗಂಡ ತೀರಿಕೊಂಡಾಗ ಮಗ ಕೆಲವೇ ತಿಂಗಳ ಕೂಸು. ಆಮೇಲೆ ಅವರು ಬದುಕಿದ್ದು ಸುಮಾರು 70 ವರ್ಷ, ತೀರಿಕೊಂಡದ್ದು 2012ರಲ್ಲಿ. ಭಾರತಕ್ಕೂ ಬಂದು ಹೋದರು. ಸಿನಿಮಾ ನೋಡಿದವರನ್ನು ಕೇಳಿ ನೋಡಿ. ಪರದೇಶದಲ್ಲಿ ಪ್ರಾಣ ಬಿಟ್ಟ ಡಾಕ್ಟರು ನೆನಪಿರುತ್ತಾರೆ, ಅವರ ಚೆಲುವೆ ಹೆಂಡತಿ ನೆನಪಿರುತ್ತಾಳೆ. ಆಕೆ ನರ್ಸಿಂಗ್ ಕಲಿಸುತ್ತಿದ್ದಳು ಎಂಬುದು ಎಷ್ಟು ಜನರಿಗೆ ನೆನಪಿದೆ? ನಮ್ಮ ಕಲ್ಯಾಣದ ಶರಣರಲ್ಲೂ ವೈದ್ಯ ಸಂಗಣ್ಣ ಇದ್ದಾನೆ. ರೋಗ, ಮದ್ದುಗಳ ಮಾತಿನಲ್ಲೇ ವಚನ ಹೇಳಿದವನು. ಅವನ ರೋಗಿಗಳಿಗೆ ಗಂಜಿ ಕುಡಿಸಿ, ಮಗ್ಗುಲು ಹೊರಳಿಸಿದ ಹೆಂಗಸರು ಯಾರೋ, ಹೆಸರಿಲ್ಲ.

ಕನ್ನಡ, ಹಿಂದಿ ಸಿನಿಮಾಗಳ ಡಾಕ್ಟರನನ್ನು ನಾನು ವರ್ಣಿಸಬೇಕಿಲ್ಲ. ಕೈಪೆಟ್ಟಿಗೆ ಹಿಡಿದು ಮನೆಗೇ ಬರುತ್ತಾನೆ, ಮೂರ್ಛೆ ಹೋದ ಸೊಸೆಯ ನಾಡಿ ಹಿಡಿದು ಸಿಹಿಸುದ್ದಿ ಹೇಳುತ್ತಾನೆ. ಕೊನೆಯ ರೀಲಿನಲ್ಲಿ ಆಪರೇಷನ್ ಕೋಣೆಯಿಂದ ಹೊರಬಂದು ಕನ್ನಡಕ ತೆಗೆಯುತ್ತಾನೆ. ನರ್ಸ್ ಟ್ರೇ ಹಿಡಿದು ಅವನ ಹಿಂದೆ ನಿಂತಿರುತ್ತಾಳೆ. ಅವಳಿಗೆ ಮಾತಿಲ್ಲ.

ಟಿ.ವಿ. ನಮ್ಮ ಸೀಮೆಗೆ ಬಂದಾಗ ಮಾತ್ರ ಹೀಗಿರಲಿಲ್ಲ. 1975ರ ಆಗಸ್ಟಿನಿಂದ ಒಂದು ವರ್ಷ ಅಮೆರಿಕದ ಉಪಗ್ರಹವನ್ನು ಎರವಲು ಪಡೆದು, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ತೋರಿಸಿದರು. ‘ಸೈಟ್’ ಎಂದು ಅದಕ್ಕೆ ಹೆಸರು. ಕರ್ನಾಟಕದಲ್ಲಿ ಆರಿಸಿಕೊಂಡ ಜಿಲ್ಲೆಗಳಲ್ಲಿ ನಮ್ಮ ನೆರೆಯ ಗುಲ್ಬರ್ಗಾ ಒಂದು. 1977ರಲ್ಲಿ ದೂರದರ್ಶನ ಕೇಂದ್ರವೂ ಅಲ್ಲಿಯೇ ಆಯಿತು. ಬೇಸಾಯ, ಆರೋಗ್ಯ, ಕುಟುಂಬ ಯೋಜನೆ, ಇವೇ ಕಾರ್ಯಕ್ರಮಗಳು. ನನ್ನ ಸೋದರತ್ತೆಯ ಊರಿನಲ್ಲಿ ಅಂಥದೊಂದು ಪೆಟ್ಟಿಗೆ ಇತ್ತು. “ನೀರು ಕಾಸಿ ಆರಿಸಿ ಕುಡೀರಿ ಅಂತಿದ್ಳು ನೋಡವ್ವ ಟಿ.ವಿ.ಯೊಳಗಿನ ಡಾಕ್ಟರ್ ಬಾಯಿ. ನಮ್ಮೂರಾಗ ಯಾರೂ ಅಷ್ಟು ಸಮಾಧಾನದಿಂದ ನಮ್ಗ ಹೇಳಿದ್ದೇ ಇಲ್ಲ” ಎಂದು ಅತ್ತೆ ಬಹಳ ವರ್ಷ ಹೇಳುತ್ತಿದ್ದಳು. ನಮ್ಮ ತಲೆಮಾರಿನ ಹುಡುಗಿಯರಿಗೆ ಪುಸ್ತಕದಲ್ಲಿ ಡಾ. ಅನುಪಮಾ ನಿರಂಜನ ಸಿಕ್ಕಂತೆ ಅದು. ‘ವಧುವಿಗೆ ಕಿವಿಮಾತು’, ‘ತಾಯಿ-ಮಗು’ ಓದದೆ ಮದುವೆಯಾದವರು ನನ್ನ ಗೆಳತಿಯರಲ್ಲಿ ಕಡಿಮೆ. ಆ ಡಾಕ್ಟರಮ್ಮಂದಿರು ಅಳಿಸಲಿಲ್ಲ, ನಗಿಸಲಿಲ್ಲ. ತಿಳಿಸಿ ಹೇಳಿದರು. ಅದು ಯಾಕೋ ಹಳೆಯದಾಗಿಬಿಟ್ಟಿತು.

ಆಮೇಲೆ ಬಂದದ್ದು ‘ನಿಜ’ವನ್ನೇ ತೋರಿಸುತ್ತೇವೆ ಎನ್ನುವ ಕಾಲ. 2012ರ ಮೇ ತಿಂಗಳಲ್ಲಿ ಆಮಿರ್ ಖಾನ್ ‘ಸತ್ಯಮೇವ ಜಯತೇ’ಯ ಒಂದು ಸಂಚಿಕೆಯನ್ನು ವೈದ್ಯರಿಗೇ ಮೀಸಲಿಟ್ಟರು. ಕನ್ನಡಕ್ಕೆ ಡಬ್ ಆದ ಅವತರಣಿಕೆಗೆ ನಮ್ಮ ಚಿತ್ರೋದ್ಯಮದ ವಿರೋಧವಿತ್ತು, ಅದು ಟಿ.ವಿ.ಯಲ್ಲಿ ಬರಲಿಲ್ಲ. ಬೀದರ್ ಜಿಲ್ಲೆಯವರಿಗೆ ಹಿಂದಿ ಏನು ಕಷ್ಟ? ಮನೆಮಂದಿಯೆಲ್ಲ ಕೂತು ನೋಡಿದೆವು. ಬೇಡದ ಆಪರೇಷನ್ ಮಾಡಿದವರು, ಕಮಿಷನ್ ತಿಂದವರ ಕಥೆ ಒಂದು ಕಡೆ. ನಮ್ಮ ಕರ್ನಾಟಕದ ಡಾ. ದೇವಿ ಶೆಟ್ಟಿಯವರಂಥವರು ಇನ್ನೊಂದು ಕಡೆ. ಭಾರತೀಯ ವೈದ್ಯಕೀಯ ಸಂಘ ಕ್ಷಮೆ ಕೇಳಿ ಎಂದಿತು, ಆಮಿರ್ ಕೇಳಲಿಲ್ಲ. ಆ ಕಾರ್ಯಕ್ರಮ ಬೇಡವಾಗಿತ್ತು ಎಂದು ನಾನು ಹೇಳಲಾರೆ, ಸುಲಿಗೆಯನ್ನು ನಾವೂ ಕಂಡವರೇ. ಆದರೆ ಒಂದೇ ಗಂಟೆಯಲ್ಲಿ ಕಳ್ಳನನ್ನೂ ದೇವರನ್ನೂ ನೋಡಿ ಎದ್ದೆವು. ನರ್ಸ್ ಒಬ್ಬಳ ಮಾತು ಕೇಳಿದ್ದು ಮಾತ್ರ ನನ್ನ ನೆನಪಿನಲ್ಲಿಲ್ಲ.

ನರ್ಸಿಗೆ ಸಿಕ್ಕಿದ್ದು ನಗೆಯ ಕಾರ್ಯಕ್ರಮ. ಕಪಿಲ್ ಶರ್ಮಾ ಷೋದಲ್ಲಿ ನರ್ಸ್ ಪಾತ್ರವನ್ನು ಅಸಭ್ಯವಾಗಿ ತೋರಿಸುತ್ತಾರೆಂದು 2016ರಲ್ಲಿ ಅವರ ಸ್ವಂತ ಊರಾದ ಅಮೃತಸರದ ನರ್ಸ್‌ಗಳೇ ಪ್ರತಿಭಟನೆ ಮಾಡಿದರು. ನಮ್ಮ ಒಂಬತ್ತನೆಯ ತರಗತಿಯವರು ಆ ಬಳುಕು ಕಲಿತದ್ದು ಯಾವ ಚಾನೆಲ್ಲಿನಿಂದಲೋ ತಿಳಿಯದು, ಎಲ್ಲ ಕಡೆಯೂ ಅದೇ ಇದೆ.

ಆಸ್ಪತ್ರೆಯೊಳಗೇ ಕ್ಯಾಮೆರಾ ಇಟ್ಟು ನಡೆದದ್ದನ್ನು ನಡೆದ ಹಾಗೆ ತೋರಿಸುವ ಷೋಗಳು ಇಂಗ್ಲೆಂಡ್, ಅಮೆರಿಕಗಳಲ್ಲಿ ಬಹಳ. ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯ ತುರ್ತು ವಿಭಾಗದ ಗೋಡೆಗಳಿಗೆ ಕ್ಯಾಮೆರಾ ಹಚ್ಚಿ 2011ರಲ್ಲಿ ಒಂದು ಷೋ ಆರಂಭಿಸಿದರು. ಅದರಲ್ಲಿ ನರ್ಸ್‌ಗಳು ತಾವೇ ಮಾತಾಡುತ್ತಾರೆ. ಅಷ್ಟರಮಟ್ಟಿಗೆ ವಾಸಿ. ಆದರೆ ಅದೇ ವರ್ಷ ನ್ಯೂಯಾರ್ಕಿನಲ್ಲಿ ನಡೆದದ್ದನ್ನು ಓದಿದಾಗ ಹೊಟ್ಟೆಯಲ್ಲಿ ಸಂಕಟವಾಯಿತು. 83 ವರ್ಷದ ಮುದುಕರೊಬ್ಬರಿಗೆ ರಸ್ತೆಯಲ್ಲಿ ಲಾರಿ ಬಡಿದು ದೊಡ್ಡ ಆಸ್ಪತ್ರೆಯೊಂದಕ್ಕೆ ತಂದರು. ಅಲ್ಲಿ ಎಬಿಸಿ ಚಾನೆಲ್ಲಿನವರು ‘ಎನ್‌ವೈ ಮೆಡ್’ ಎಂಬ ಷೋ ಚಿತ್ರೀಕರಿಸುತ್ತಿದ್ದರು. ಮುದುಕರನ್ನೂ ಕೇಳಲಿಲ್ಲ, ಮನೆಯವರನ್ನೂ ಕೇಳಲಿಲ್ಲ. ಅವರು ತೀರಿಕೊಂಡರು. ಒಂದು ವರ್ಷದ ಮೇಲೆ, 2012ರ ಆಗಸ್ಟಿನಲ್ಲಿ, ಅವರ ಹೆಂಡತಿ ಮನೆಯಲ್ಲಿ ಟಿ.ವಿ. ನೋಡುತ್ತ ಕೂತಿದ್ದಾಗ ಪರದೆಯ ಮೇಲೆ ಗಂಡನ ಸಾವು ಬಂತು. ಮುಖವನ್ನು ಮಸುಕು ಮಾಡಿದ್ದರು. ಆಕೆ ಗುರುತು ಹಿಡಿದದ್ದು ಧ್ವನಿಯಿಂದ. ಮನೆಯವರು ಕೋರ್ಟಿಗೆ ಹೋದರು. 2016ರಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯ ಹೇಳಿದ್ದಿಷ್ಟು: ಮನಸ್ಸು ನೋಯಿಸಿದರೆಂಬ ದಾವೆ ನಿಲ್ಲದು, ರೋಗಿಯ ಗುಟ್ಟು ಹೊರಗೆ ಹಾಕಿದರೆಂಬ ದಾವೆ ನಡೆಯಲಿ. ಅದೇ ವರ್ಷ ಆಸ್ಪತ್ರೆ ಸರ್ಕಾರಕ್ಕೆ 22 ಲಕ್ಷ ಡಾಲರ್ ಕಟ್ಟಿತು.

ನಲವತ್ತು ಐವತ್ತು ವರ್ಷ ಕೇಳಿದ ಧ್ವನಿ. ಮುಖ ಅಳಿಸಿದರೆ ಅಳಿಯುತ್ತದೆಯೇ?

ಇಷ್ಟು ದೂರ ನಾನು ಹೋದದ್ದಕ್ಕೆ ಒಂದು ಕಾರಣವಿದೆ. 2011ರಲ್ಲಿಯೇ ನನ್ನ ಅವ್ವ ತೀರಿಕೊಂಡಳು. ರಾತ್ರಿ ಎದೆ ನೋವೆಂದಳು, ಆಟೋದಲ್ಲಿ ಹಾಕಿಕೊಂಡು ದವಾಖಾನೆಗೆ ಓಡಿದೆವು. ಬಾಗಿಲಲ್ಲೇ ಉಸಿರು ನಿಂತಿತು. ಡಾಕ್ಟರೂ ಇಬ್ಬರು ಸಿಸ್ಟರ್‌ಗಳೂ ಸರದಿಯ ಮೇಲೆ ಎದೆ ಒತ್ತಿದರು. ನಾನು ಪರದೆಯ ಸಂದಿಯಿಂದ ನೋಡುತ್ತಿದ್ದೆ. ಧಾರಾವಾಹಿಗಳಲ್ಲಿ ನಾಲ್ಕು ಸಲ ಒತ್ತಿದರೆ ರೋಗಿ ಕೆಮ್ಮಿ ಕಣ್ಣು ಬಿಡುತ್ತಾನೆ. ಇಲ್ಲಿ ಅರ್ಧ ಗಂಟೆಯಾದರೂ ಅವ್ವ ಕಣ್ಣು ಬಿಡಲಿಲ್ಲ. ಅವರು ಕೈ ತೆಗೆದಾಗ ನಾನು ಕೂಗಾಡಿದೆ. “ಇಷ್ಟಕ್ಕೇ ಬಿಟ್ಟುಬಿಟ್ರ್ಯಾ? ನಿಮ್ಮ ತಾಯಿಯಾಗಿದ್ರ ಬಿಡ್ತಿದ್ರ್ಯಾ?” ಎಂದು ಚಿಕ್ಕ ಸಿಸ್ಟರ್ ಮುಖಕ್ಕೆ ಮುಖ ಕೊಟ್ಟು ಅಂದೆ. ಚಿಟಗುಪ್ಪ ಕಡೆಯ ಹುಡುಗಿ, ಬೆವರಿ ತೊಯ್ದುಹೋಗಿದ್ದಳು. ಮಾತಾಡಲಿಲ್ಲ. ಬೆಚ್ಚನೆಯ ನೀರು ತಂದು ಅವ್ವನ ಮುಖ ಒರೆಸಿದಳು, ಬಾಯಿ ಮುಚ್ಚಲು ಗದ್ದಕ್ಕೆ ಅರಿವೆ ಕಟ್ಟಿದಳು, ಸೆರಗು ಸರಿಮಾಡಿದಳು. ಕೈಬಳೆ ನಾಲ್ಕು, ಮೂಗುಬಟ್ಟು ಒಂದು, ಕಿವಿಯೋಲೆ ಎರಡು ಎಂದು ಎಣಿಸಿ ನನ್ನ ಅಂಗೈಗೆ ಹಾಕಿದಳು. ಬಳೆ ತೆಗೆಯುವಾಗ ಮಣಿಕಟ್ಟಿಗೆ ಎಣ್ಣೆ ಹಚ್ಚಿದ್ದಳು, ಸತ್ತವಳಿಗೆ ನೋಯಬಾರದೆಂಬಂತೆ.

ನನ್ನ ಅಣ್ಣನ ಮಗಳು ಬಿ.ಎಸ್ಸಿ. ನರ್ಸಿಂಗ್ ಓದುವಾಗ ಒಂದು ಲೇಖನ ತೋರಿಸಿದಳು. 1996ರಲ್ಲಿ ಅಮೆರಿಕದ ಹೆಸರಾಂತ ವೈದ್ಯಕೀಯ ಪತ್ರಿಕೆಯಲ್ಲಿ ಬಂದದ್ದು. ಮೂರು ಟಿ.ವಿ. ಕಾರ್ಯಕ್ರಮಗಳ 97 ಸಂಚಿಕೆಗಳನ್ನು ಕೂತು ನೋಡಿ, ಎದೆ ಒತ್ತಿ ಜೀವ ಉಳಿಸುವ 60 ಪ್ರಸಂಗಗಳನ್ನು ಎಣಿಸಿದ್ದರು. ಟಿ.ವಿ.ಯಲ್ಲಿ ನೂರಕ್ಕೆ 75 ಮಂದಿ ಆ ಕ್ಷಣಕ್ಕೆ ಬದುಕುತ್ತಾರೆ. ಮೂರರಲ್ಲಿ ನಿಜ ಘಟನೆಗಳನ್ನೇ ತೋರಿಸುತ್ತೇವೆ ಎನ್ನುತ್ತಿದ್ದ ‘ರೆಸ್ಕ್ಯೂ 911’ರಲ್ಲಿ ಎಲ್ಲರೂ ಬದುಕಿಬಿಟ್ಟಿದ್ದರು! ಘಟನೆ ನಿಜವೇ, ಆದರೆ ಬದುಕಿದವರನ್ನಷ್ಟೇ ಆರಿಸಿಕೊಂಡರೆ ನಿಜ ಉಳಿದೀತೆ? ಆಸ್ಪತ್ರೆಯ ಹೊರಗೆ ಎದೆಬಡಿತ ನಿಂತವರಲ್ಲಿ ಮುಂದೆ ಬದುಕುಳಿಯುವವರು ನೂರಕ್ಕೆ 2ರಿಂದ 30 ಎಂದು ಅದೇ ಲೇಖನದಲ್ಲಿತ್ತು. ಒತ್ತುವಾಗ ಪಕ್ಕೆಲುಬು ಮುರಿಯುವುದೂ ಉಂಟಂತೆ. “ಅತ್ತಿ, ಎರಡು ನಿಮಿಷ ಒತ್ತಿದ್ರ ತೋಳು ಸೋತುಹೋಗ್ತಾವ, ಅದಕ್ಕೇ ಸರದಿ ಬದಲಾಯಿಸ್ತೀವಿ” ಎಂದಳು ಹುಡುಗಿ. ಅವ್ವನಿಗೆ ಅರ್ಧ ಗಂಟೆ ಒತ್ತಿದ್ದರು. ಆ ಸಿಸ್ಟರ್ ಬೇರೆ ಊರಿಗೆ ಹೋಗಿದ್ದಾಳೆಂದು ಆಮೇಲೆ ತಿಳಿಯಿತು. ನಾನು ಕೇಳಬೇಕಿದ್ದ ಕ್ಷಮೆ ನನ್ನಲ್ಲೇ ಉಳಿಯಿತು.

ಕೊರೋನಾ ಬಂದಾಗ ಕ್ಯಾಮೆರಾ ನಮ್ಮ ಮಗ್ಗುಲಿಗೇ ಬಂತು. ದೇಶದ ಮೊದಲ ಕೊರೋನಾ ಸಾವು 2020ರ ಮಾರ್ಚಿನಲ್ಲಿ ಕಲಬುರಗಿಯವರದು. ಅವರನ್ನು ನೋಡಿದ ವೈದ್ಯರಿಗೂ ಸೋಂಕು ತಗುಲಿತು. ಸುದ್ದಿ ಚಾನೆಲ್‌ಗಳು ಹಗಲೂ ರಾತ್ರಿ ಆಸ್ಪತ್ರೆಯ ಗೇಟಿನಲ್ಲೇ. ಏಪ್ರಿಲಿನಲ್ಲಿ ಬೆಳಗಾವಿಯ ನರ್ಸ್ ಒಬ್ಬರ ಪುಟ್ಟ ಮಗಳು ಅಪ್ಪನ ಬೈಕಿನ ಮೇಲೆ ಕೂತು, ದೂರದಲ್ಲಿ ನಿಂತ ತಾಯಿಗಾಗಿ ಅಳುವುದನ್ನು ತೋರಿಸಿದರು. ಮುಖ್ಯಮಂತ್ರಿ ಯಡಿಯೂರಪ್ಪನವರು ಆ ತಾಯಿಗೆ ಫೋನ್ ಮಾಡಿ ಮಾತಾಡಿದರು. ನಾನೂ ಅತ್ತೆ, ನೀವೂ ಅತ್ತಿರುತ್ತೀರಿ. ಮೇ 3ರಂದು ಹೆಲಿಕಾಪ್ಟರಿನಿಂದ ಆಸ್ಪತ್ರೆಗಳ ಮೇಲೆ ಹೂವಿನ ಪಕಳೆ ಸುರಿಸಿದರು. ಆ ತಾಯಿ ಕಣ್ಣೊರೆಸಿಕೊಂಡು ಒಳಗೆ ಹೋದ ಮೇಲೆ ಎಷ್ಟು ಗಂಟೆ ಕೆಲಸ ಮಾಡಿದಳು, ಆ ಪ್ಲಾಸ್ಟಿಕ್ ಅಂಗಿಯೊಳಗೆ ನೀರು ಕುಡಿಯಲು, ಬಚ್ಚಲಿಗೆ ಹೋಗಲು ಏನು ಮಾಡಿದಳು, ಒಬ್ಬಳಿಗೆ ಎಷ್ಟು ಹಾಸಿಗೆ? ಇದನ್ನು ಕೇಳಿದ ಚಾನೆಲ್ ನನಗೆ ಸಿಗಲಿಲ್ಲ. ತಿಂಗಳ ಮುಟ್ಟಿನ ದಿನಗಳಲ್ಲಿ ಆ ಅಂಗಿಯೊಳಗೆ ಹೇಗಿದ್ದಿರಬಹುದು ಎಂದು ಹೆಂಗಸರಾದ ನಾವೂ ಕೇಳಲಿಲ್ಲ.

ವಾರ್ಷಿಕೋತ್ಸವದ ಮಾರನೆಯ ದಿನ ಊಟದ ವಿರಾಮದಲ್ಲಿ ಆ ಹುಡುಗಿಯನ್ನು ಸ್ಟಾಫ್ ರೂಮಿಗೆ ಕರೆದೆ. ಏನು ಹೇಳಬೇಕೆಂದು ತಿಳಿಯಲಿಲ್ಲ. “ನಿನ್ನೆ ನಿಮ್ಮವ್ವ ಬಂದಿದ್ರೇನಮ್ಮ?” ಎಂದು ಕೇಳಿದೆ.

“ಇಲ್ರಿ ಟೀಚರ್, ಅವ್ವಗ ನೈಟ್ ಡ್ಯೂಟಿ ಇತ್ತು.” ಸ್ವಲ್ಪ ಸುಮ್ಮನಿದ್ದು ಮತ್ತೆ ಅಂದಳು: “ಬರ್ಲಿಲ್ಲ, ಚೊಲೋ ಆಯ್ತ್ರಿ.”