ಫೋಟೊಡೈನಾಮಿಕ್ ಚಿಕಿತ್ಸೆ

ಕತ್ತಲಲ್ಲಿ ಸುಮ್ಮನಿದ್ದು ಬೆಳಕು ಬಿದ್ದೊಡನೆ ಚುರುಕಾಗುವ ಔಷಧಿಯನ್ನು ರೋಗ ಹಿಡಿದ ಜೀವಕೋಶಗಳೊಳಗೆ ಸೇರಿಸಿ, ಆಮೇಲೆ ಆ ಜಾಗಕ್ಕಷ್ಟೇ ತಕ್ಕ ಬಣ್ಣದ ಬೆಳಕು ಬಿಟ್ಟು, ಅವುಗಳನ್ನು ಸಾಯಿಸುವ ವೈದ್ಯವಿಧಾನ. ಚರ್ಮವೈದ್ಯರು ಇದನ್ನು ಚಿಕ್ಕದಾಗಿ ಪಿಡಿಟಿ ಎನ್ನುತ್ತಾರೆ. ಔಷಧಿ, ಬೆಳಕು, ಆಮ್ಲಜನಕ ಮೂರೂ ಒಂದೇ ಜಾಗದಲ್ಲಿ ಒಂದೇ ಹೊತ್ತಿಗೆ ಕೂಡಿದರೆ ಮಾತ್ರ ಕೆಲಸ ನಡೆಯುತ್ತದೆ. ಒಂದು ತಪ್ಪಿದರೂ ಕೋಶಕ್ಕೆ ಏನೂ ಆಗುವುದಿಲ್ಲ. ಚರ್ಮದ ಮೇಲ್ಪದರದಲ್ಲೇ ಉಳಿದಿರುವ, ಇನ್ನೂ ಕ್ಯಾನ್ಸರ್ ಆಗದ ಅಥವಾ ಆಗತಾನೇ ಆಗುತ್ತಿರುವ ಮಚ್ಚೆಗಳಿಗೆ ಇದು ಹೆಚ್ಚಾಗಿ ಬಳಕೆಯಾಗುತ್ತದೆ.

ಯೂರೋಪ್, ಆಸ್ಟ್ರೇಲಿಯಾ, ಅಮೆರಿಕಗಳಲ್ಲಿ ಇಂಥ ಮಚ್ಚೆಗಳಿಗೆ ಮುಖ್ಯ ಕಾರಣ ಬಿಸಿಲು. ಬಿಳಿ ಚರ್ಮದವರು ಹತ್ತಾರು ವರ್ಷ ಬಿಸಿಲಿಗೆ ಒಡ್ಡಿಕೊಂಡರೆ ಹಣೆ, ಮೂಗು, ಬೋಳುತಲೆ, ಮುಂಗೈಗಳ ಮೇಲೆ ಚಿಕ್ಕ ಒರಟು ಪಟ್ಟಿಗಳು ಏಳುತ್ತವೆ. ಇವಕ್ಕೆ ಆಕ್ಟಿನಿಕ್ ಕೆರಟೋಸಿಸ್ ಎಂದು ಹೆಸರು. ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗುವ ರೋಗ ಇದು: ಬಡಗಿಗಳು ಮರ ಉಜ್ಜುವ ಕಾಗದವನ್ನು ಸವರಿದಂತಿರುತ್ತದೆ. ಒಂದೊಂದು ಮಚ್ಚೆಯೂ ಕ್ಯಾನ್ಸರ್ ಆಗುವ ಸಂಭವ ವರ್ಷಕ್ಕೆ ನೂರಕ್ಕೆ ಒಂದಕ್ಕಿಂತ ಕಡಿಮೆ. ಆದರೆ ಒಬ್ಬರ ಮೈಮೇಲೆ ಹತ್ತಾರು ಮಚ್ಚೆಗಳಿರುವುದರಿಂದ, ಯಾವುದು ಮುಂದೆ ಕೆಡುತ್ತದೆಂದು ನೋಡಿ ಹೇಳಲಾಗದ್ದರಿಂದ, ಇಡೀ ಜಾಗಕ್ಕೇ ಚಿಕಿತ್ಸೆ ಕೊಡುವ ರೂಢಿ ಬಂದಿದೆ. ಬೋವೆನ್ ರೋಗ ಇದಕ್ಕಿಂತ ಒಂದು ಹೆಜ್ಜೆ ಮುಂದಿನದು. ಅದರಲ್ಲಿ ಕ್ಯಾನ್ಸರ್ ಕೋಶಗಳು ಮೇಲ್ಚರ್ಮದ ಪೂರ್ತಿ ದಪ್ಪಕ್ಕೆ ತುಂಬಿಕೊಂಡಿದ್ದರೂ ಕೆಳಕ್ಕೆ ಇಳಿದಿರುವುದಿಲ್ಲ. ಕೈಬಿಟ್ಟರೆ ನೂರರಲ್ಲಿ ಮೂರರಿಂದ ಐದು ರೋಗಿಗಳಲ್ಲಿ ಅದು ಕೆಳಗಿಳಿಯುತ್ತದೆ.

ಕಂದು ಚರ್ಮದ ನಮಗೆ ಮೆಲನಿನ್ ಎಂಬ ವರ್ಣದ್ರವ್ಯ ಕೊಡೆ ಹಿಡಿದಿದೆ. ಬಿಸಿಲಿನಿಂದಲೇ ಏಳುವ ಕೆರಟೋಸಿಸ್ ಇಲ್ಲಿ ವಿರಳ. ಆದರೆ ಆ ಕೊಡೆ ತಡೆಯುವುದು ಬಿಸಿಲನ್ನು ಮಾತ್ರ. ಕುಡಿಯುವ ನೀರಿನ ಆರ್ಸೆನಿಕ್, ಕಲ್ಲಿದ್ದಲ ಡಾಂಬರು, ಹಳೆಯ ಸುಟ್ಟ ಗಾಯದ ಕಲೆ, ಒಂದೇ ಕಡೆ ವರ್ಷಗಟ್ಟಲೆ ಉಜ್ಜುವ ಬಟ್ಟೆ, ಇವು ಬೇರೆ ದಾರಿಯಿಂದ ಬರುತ್ತವೆ. ಆದ್ದರಿಂದ ಈ ಚಿಕಿತ್ಸೆಯನ್ನು ಕನ್ನಡದಲ್ಲಿ ವಿವರಿಸುವಾಗ ಬಿಸಿಲಿನ ಕಥೆಯಷ್ಟನ್ನೇ ಹೇಳಿ ನಿಲ್ಲಿಸುವುದು ಸರಿಯಲ್ಲ.

ಪಿಡಿಟಿ ಹುಟ್ಟಿದ್ದು ಬಣ್ಣಗಳ ರಸಾಯನಶಾಸ್ತ್ರದಲ್ಲಿ. 1856ರಲ್ಲಿ ಲಂಡನ್ನಿನ ಹುಡುಗ ವಿಲಿಯಂ ಪರ್ಕಿನ್, ಕಲ್ಲಿದ್ದಲ ಡಾಂಬರಿನಿಂದ ಸಿಗುವ ಅನಿಲೀನ್ ಬಳಸಿ ನೇರಳೆ ಬಣ್ಣ ಮಾಡಿದ ಮೇಲೆ ಡಾಂಬರು ಎಂಬ ಹೊಲಸು ಗಣಿಯಂತಾಯಿತು. ಅದರಿಂದಲೇ 1870ರಲ್ಲಿ ಅಕ್ರಿಡೀನ್ ಸಿಕ್ಕಿತು. ಮ್ಯೂನಿಕ್‌ನಲ್ಲಿ ಹರ್ಮನ್ ಫೊನ್ ಟಾಪೈನರ್ ಬಳಿ ಓದುತ್ತಿದ್ದ ಓಸ್ಕರ್ ರಾಬ್ ಎಂಬ ವಿದ್ಯಾರ್ಥಿ ಅಕ್ರಿಡೀನ್ ನೀರಿನಲ್ಲಿ ಪ್ಯಾರಾಮೀಸಿಯಂ ಎಂಬ ಏಕಕೋಶ ಜೀವಿಗಳನ್ನು ಬಿಟ್ಟು ಅವು ಸಾಯಲು ಎಷ್ಟು ಹೊತ್ತು ಬೇಕೆಂದು ಲೆಕ್ಕ ಹಾಕುತ್ತಿದ್ದ. ನೀರಿನ ಹದ ಒಂದೇ ಇದ್ದರೂ ಒಂದು ದಿನದ ಲೆಕ್ಕ ಇನ್ನೊಂದು ದಿನಕ್ಕೆ ತಾಳೆಯಾಗಲಿಲ್ಲ. ಒಂದು ದಿನ ಗುಡುಗು ಮಳೆಯ ಮೋಡ ಕವಿದು ಕೋಣೆ ಮಂಕಾಗಿತ್ತೆಂಬುದು ಅವನಿಗೆ ಹೊಳೆಯಿತು. ಕತ್ತಲಲ್ಲಿ ಅಕ್ರಿಡೀನ್ ಅಷ್ಟಾಗಿ ಕೊಲ್ಲುವುದಿಲ್ಲ, ಬೆಳಕಿನಲ್ಲಿ ಕೊಲ್ಲುತ್ತದೆ ಎಂಬ ಅವನ ವರದಿ 1900ರಲ್ಲಿ ಅಚ್ಚಾಯಿತು. ಮೂರು ವರ್ಷದ ಬಳಿಕ ಟಾಪೈನರ್ ಮತ್ತು ಜೆಸಿಯೋನೆಕ್ ಚರ್ಮದ ಗೆಡ್ಡೆಗಳಿಗೆ ಇಯೋಸಿನ್ ಎಂಬ ಕೆಂಪು ಬಣ್ಣ ಬಳಿದು ಬೆಳಕು ಬಿಟ್ಟರು. ಇದಕ್ಕೆ ಆಮ್ಲಜನಕ ಬೇಕೇ ಬೇಕೆಂಬುದು 1904ರ ಹೊತ್ತಿಗೆ ತಿಳಿಯಿತು. ಫೋಟೊಡೈನಾಮಿಕ್ ಎಂಬ ಹೆಸರೂ ಟಾಪೈನರ್ ಇಟ್ಟದ್ದೇ.

ಮುಂಬಯಿ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ, ಕಲ್ಯಾಣ–ಶಿಳ್ ರಸ್ತೆಯ ಬದಿಗೆ ಹರಡಿರುವ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಈ ರಸಾಯನಶಾಸ್ತ್ರದ ವಂಶವೇ ನೆಲೆಸಿದೆ. ಬಣ್ಣ, ಬಣ್ಣದ ಮೂಲವಸ್ತು, ಬಟ್ಟೆಗೆ ಬಣ್ಣ ಹಾಕುವ ಘಟಕ, ಔಷಧಿ ತಯಾರಿಕೆ ಎಲ್ಲವೂ ಇಲ್ಲಿ ಒಟ್ಟೊಟ್ಟಿಗಿವೆ. ನಡುವೆಯೇ ವಸತಿ ಕಟ್ಟಡಗಳೂ ಇವೆ. 2014ರ ಜನವರಿಯಲ್ಲಿ ಇಲ್ಲಿ ಹಸಿರು ಬಣ್ಣದ ಮಳೆ ಬಿತ್ತು. 2020ರ ಫೆಬ್ರವರಿಯಲ್ಲಿ ರಸ್ತೆಯೇ ಗುಲಾಬಿಯಾಯಿತು. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕರ್ನಾಟಕದಿಂದ ಬಂದು ಡೊಂಬಿವಲಿ, ಕಲ್ಯಾಣ, ಠಾಣೆಗಳಲ್ಲಿ ನೆಲೆಸಿದ ಕನ್ನಡ ಮನೆಗಳಿಗೆ ಇದೆಲ್ಲ ಪತ್ರಿಕೆಯಲ್ಲಿ ಓದಿದ ಸುದ್ದಿಯಲ್ಲ, ಚಪ್ಪಲಿಗೆ ಅಂಟಿದ ಬಣ್ಣ. ಇಲ್ಲಿ ಒಂದು ಮಾತು ಸ್ಪಷ್ಟವಾಗಬೇಕು. ಎಲ್ಲ ಬಣ್ಣಕ್ಕೂ ಫೋಟೊಡೈನಾಮಿಕ್ ಗುಣವಿಲ್ಲ. ಬಟ್ಟೆಗೆ ಹೆಚ್ಚಾಗಿ ಹಾಕುವ ಅಜೋ ಬಣ್ಣಗಳು ಹೀರಿದ ಬೆಳಕನ್ನು ಕ್ಷಣದಲ್ಲೇ ಶಾಖವಾಗಿ ಕಳೆದುಬಿಡುತ್ತವೆ. ಅಕ್ರಿಡೀನ್, ಇಯೋಸಿನ್, ರೋಸ್ ಬೆಂಗಾಲ್, ಮಿಥಿಲೀನ್ ಬ್ಲೂ ಮೊದಲಾದವು ಮಾತ್ರ ಆ ಶಕ್ತಿಯನ್ನು ಸ್ವಲ್ಪ ಹೊತ್ತು ಹಿಡಿದಿಟ್ಟುಕೊಂಡು ಪಕ್ಕದ ಆಮ್ಲಜನಕಕ್ಕೆ ದಾಟಿಸಬಲ್ಲವು.

ಹೀಗೆ ಶಕ್ತಿ ಪಡೆದ ಆಮ್ಲಜನಕಕ್ಕೆ ಸಿಂಗ್ಲೆಟ್ ಆಮ್ಲಜನಕ ಎನ್ನುತ್ತಾರೆ. ಅದರ ಆಯುಸ್ಸು ಸೆಕೆಂಡಿನ ಲಕ್ಷಾಂತರ ಭಾಗಗಳಲ್ಲಿ ಒಂದೆರಡು ಭಾಗದಷ್ಟು. ಹುಟ್ಟಿದ ಕೋಶವನ್ನು ದಾಟಿ ಹೋಗುವಷ್ಟು ವ್ಯವಧಾನವೂ ಅದಕ್ಕಿಲ್ಲ. ಕೈಗೆ ಸಿಕ್ಕ ಕೊಬ್ಬಿನ ಪೊರೆ, ಪ್ರೋಟೀನುಗಳನ್ನು ಅಲ್ಲೇ ಸುಡುತ್ತದೆ. ಔಷಧಿ ಸೇರದ ಪಕ್ಕದ ಕೋಶ ಉಳಿದುಕೊಳ್ಳುವುದು ಇದರಿಂದಲೇ.

ಬಾವಂಚಿ ಬೀಜ ಅರೆದು ಹಚ್ಚಿ ಬಿಸಿಲು ಕಾಯಿಸಿ ತೊನ್ನಿಗೆ ಚಿಕಿತ್ಸೆ ಮಾಡುವ ಆಯುರ್ವೇದದ ಪದ್ಧತಿಯನ್ನು ಪಿಡಿಟಿಯ ಮೂಲವೆಂದು ಹಲವರು ಬರೆಯುತ್ತಾರೆ. ಔಷಧಿಯನ್ನೂ ಬೆಳಕನ್ನೂ ಜೋಡಿಸಬೇಕೆಂದು ಕಂಡುಕೊಂಡ ಆ ಹಳೆಯ ವೈದ್ಯರ ತಿಳಿವು ದೊಡ್ಡದು. ಆದರೆ ಬಾವಂಚಿಯ ಸೊರಾಲೆನ್ ಕೆಲಸ ಮಾಡುವ ಬಗೆ ಬೇರೆ: ಅದು ಮುಖ್ಯವಾಗಿ ಅತಿನೇರಳೆ ಬೆಳಕಿನಲ್ಲಿ ನೇರವಾಗಿ ಡಿಎನ್‌ಎಗೆ ಬೆಸೆದುಕೊಳ್ಳುತ್ತದೆ. ಇಂದಿನ ಪುವಾ ಚಿಕಿತ್ಸೆ ಅದರ ಕುಲದ್ದು, ಪಿಡಿಟಿಯಲ್ಲ. ಪುವಾ ಬಹಳ ಸಲ ಆದರೆ ಚರ್ಮದ ಕ್ಯಾನ್ಸರಿನ ಅಪಾಯ ಹೆಚ್ಚುತ್ತದೆ. ಪಿಡಿಟಿಯನ್ನು ಅದೇ ಅಪಾಯ ತಡೆಯಲು ಬಳಸುತ್ತಾರೆ. ಎರಡನ್ನೂ ಒಂದೇ ಚೀಲಕ್ಕೆ ಹಾಕಬಾರದು.

ಬಣ್ಣಗಳಿಂದ ರಕ್ತದತ್ತ ತಿರುಗಿದ್ದು ಮುಂದಿನ ಹೆಜ್ಜೆ. ರಕ್ತಕ್ಕೆ ಕೆಂಪು ಕೊಡುವ ಹೀಮ್‌ನಿಂದ ಕಬ್ಬಿಣ ತೆಗೆದರೆ ಉಳಿಯುವುದು ಪಾರ್ಫಿರಿನ್. 1912ರ ಅಕ್ಟೋಬರಿನಲ್ಲಿ ಜರ್ಮನಿಯ ವೈದ್ಯ ಫ್ರೀಡ್ರಿಕ್ ಮೈಯರ್-ಬೆಟ್ಸ್ 200 ಮಿಲಿಗ್ರಾಂ ಹೆಮಟೊಪಾರ್ಫಿರಿನನ್ನು ತನಗೇ ಚುಚ್ಚಿಕೊಂಡ. ಮನೆಯೊಳಗೆ ಇರುವಷ್ಟು ಹೊತ್ತು ಏನೂ ಆಗಲಿಲ್ಲ. ಬಿಸಿಲಿಗೆ ಬಂದಾಗ ಮುಖ, ಕೈ ಗುರುತು ಸಿಗದಷ್ಟು ಊದಿಕೊಂಡವು. ಬಟ್ಟೆ ಮುಚ್ಚಿದ್ದ ಮೈಗೆ ಏನೂ ಆಗಿರಲಿಲ್ಲ. ಎರಡು ತಿಂಗಳು ಕಳೆದರೂ ಅವನಿಗೆ ಬಿಸಿಲು ತಡೆಯಲಾಗುತ್ತಿರಲಿಲ್ಲ. 1970ರ ದಶಕದಲ್ಲಿ ಅಮೆರಿಕದ ಬಫಲೋದಲ್ಲಿ ಟಾಮಸ್ ಡೌಗರ್ಟಿ ಇದೇ ವಸ್ತುವಿನ ಶುದ್ಧೀಕರಿಸಿದ ರೂಪದಿಂದ ಕ್ಯಾನ್ಸರ್ ಚಿಕಿತ್ಸೆ ನಡೆಸಿದರು. ಫೋಟೊಫ್ರಿನ್ ಎಂಬ ಹೆಸರಿನಲ್ಲಿ ಅದಕ್ಕೆ 1993ರಲ್ಲಿ ಕೆನಡಾ ಒಪ್ಪಿಗೆ ಕೊಟ್ಟಿತು. ಆದರೆ ರಕ್ತನಾಳಕ್ಕೆ ಕೊಟ್ಟ ಔಷಧಿ ಇಡೀ ಮೈಗೆ ಹರಡಿ ರೋಗಿ ವಾರಗಟ್ಟಲೆ ಕತ್ತಲಲ್ಲಿ ಕೂರಬೇಕಾಗುತ್ತಿತ್ತು. ಒಂದು ಬೆರಳಗಲ ಮಚ್ಚೆಗಾಗಿ ಇಷ್ಟು ಕಷ್ಟ ಯಾರು ಪಡುತ್ತಾರೆ?

1990ರಲ್ಲಿ ಕೆನಡಾದ ಕಿಂಗ್‌ಸ್ಟನ್ನಿನ ಜೇಮ್ಸ್ ಕೆನೆಡಿ ಮತ್ತು ರಾಯ್ ಪಾಟಿಯೇ ಪಾರ್ಫಿರಿನನ್ನು ಹೊರಗಿನಿಂದ ಕೊಡುವ ಬದಲು ಕೋಶದ ಕೈಯಲ್ಲೇ ಮಾಡಿಸುವ ಉಪಾಯ ತೋರಿಸಿದರು. ನಮ್ಮ ಬಹುತೇಕ ಕೋಶಗಳು ಅಮಿನೊಲೆವುಲಿನಿಕ್ ಆಮ್ಲದಿಂದ ಶುರುಮಾಡಿ ಹಂತ ಹಂತವಾಗಿ ಹೀಮ್ ಕಟ್ಟುತ್ತವೆ. ಕೊನೆಯ ಹಂತದಲ್ಲಿ ಪ್ರೋಟೊಪಾರ್ಫಿರಿನ್-9ಕ್ಕೆ ಕಬ್ಬಿಣ ಕೂರಿಸುವ ಕೆಲಸ. ಹೀಮ್ ಸಾಕಷ್ಟಾದಾಗ ಆ ಆಮ್ಲ ಹುಟ್ಟುವ ಮೊದಲ ಬಾಗಿಲೇ ಮುಚ್ಚಿಕೊಳ್ಳುತ್ತದೆ. ಆ ಆಮ್ಲವನ್ನೇ ಮುಲಾಮಿನಲ್ಲಿ ಹಚ್ಚಿದರೆ ಕಾವಲಿನ ಬಾಗಿಲು ದಾಟಿ ಒಳಗೆ ಹೋದಂತೆ. ಕಬ್ಬಿಣ ಕೂರಿಸುವ ಹಂತ ನಿಧಾನವಾದ್ದರಿಂದ ಪ್ರೋಟೊಪಾರ್ಫಿರಿನ್ ರಾಶಿ ಬೀಳುತ್ತದೆ. ಕೆಟ್ಟ ಕೋಶಗಳಲ್ಲಿ ಈ ರಾಶಿ ಹೆಚ್ಚು, ಒಂದೆರಡು ದಿನದಲ್ಲಿ ಕರಗಿಯೂ ಹೋಗುತ್ತದೆ. ಲೆವುಲಾನ್ ಎಂಬ 20 ಪ್ರತಿಶತದ ದ್ರಾವಣಕ್ಕೆ 1999ರ ಡಿಸೆಂಬರಿನಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು; ಅದಕ್ಕೆ ನೀಲಿ ಬೆಳಕು. ಯೂರೋಪಿನಲ್ಲಿ ಅದೇ ಆಮ್ಲದ ಇನ್ನೊಂದು ರೂಪವಾದ ಮೆಟ್ವಿಕ್ಸ್ ಮುಲಾಮು ಮತ್ತು ಕೆಂಪು ಬೆಳಕಿನ ಜೋಡಿ ಹೆಚ್ಚು ನಡೆಯಿತು. ನೀಲಿಯನ್ನು ಪಾರ್ಫಿರಿನ್ ಹೆಚ್ಚು ಹೀರುತ್ತದೆ, ಆದರೆ ಅದು ಚರ್ಮದಲ್ಲಿ ಹೆಚ್ಚು ಆಳಕ್ಕೆ ಇಳಿಯದು. 630 ನ್ಯಾನೊಮೀಟರ್ ಆಸುಪಾಸಿನ ಕೆಂಪು ಇನ್ನೂ ಕೆಳಕ್ಕೆ ಹೋಗುತ್ತದೆ, ಆದ್ದರಿಂದ ಬೋವೆನ್ ರೋಗಕ್ಕೆ ಅದೇ ಸೂಕ್ತ.

ಚಿಕಿತ್ಸೆಯ ದಿನ ಮೊದಲು ಮಚ್ಚೆಯ ಮೇಲಿನ ಹಕ್ಕಳೆಯನ್ನು ಮೆಲ್ಲಗೆ ಕೆರೆದು ತೆಗೆಯುತ್ತಾರೆ. ಮುಲಾಮು ಹಚ್ಚಿ, ಪ್ಲಾಸ್ಟಿಕ್ ಹಾಳೆ ಮುಚ್ಚಿ, ಅದರ ಮೇಲೆ ಬೆಳಕು ತಾಗದಂತೆ ಪಟ್ಟಿ ಕಟ್ಟುತ್ತಾರೆ. ಮೂರು ಗಂಟೆ ಕಾಯಬೇಕು. ಪಟ್ಟಿ ಬಿಚ್ಚಿ, ಕೋಣೆ ಕತ್ತಲು ಮಾಡಿ ವುಡ್ಸ್ ಎಂಬ ಅತಿನೇರಳೆ ದೀಪ ಹಿಡಿದಾಗ ಕಾಣುವುದು ಕೆಂಡದಂಥ ಇಟ್ಟಿಗೆ ಕೆಂಪು. ಬರಿಗಣ್ಣಿಗೆ ಒಂದೇ ಮಚ್ಚೆ ಕಂಡಿದ್ದ ಕಡೆ ಅದರ ಅಂಚು ಎಲ್ಲಿಯವರೆಗೆ ಹರಡಿದೆ, ಪಕ್ಕದಲ್ಲಿ ಇನ್ನೆಷ್ಟು ಹೊಸ ಮಚ್ಚೆಗಳು ಅಡಗಿವೆ ಎಂಬುದು ಆ ಹೊಳಪಿನಲ್ಲಿ ತೋರುತ್ತದೆ. ಆಮೇಲೆ ಕೆಂಪು ಎಲ್ಇಡಿ ದೀಪದಡಿ ಸುಮಾರು ಹತ್ತು ನಿಮಿಷ. ಕೊಡುವ ಪ್ರಮಾಣ ಚದರ ಸೆಂಟಿಮೀಟರಿಗೆ 37 ಜೂಲ್. ನೋವು ಇದರ ದೊಡ್ಡ ತೊಂದರೆ: ಸೂಜಿ ಚುಚ್ಚಿದಂತೆ, ಮೆಣಸಿನಕಾಯಿ ಹಚ್ಚಿದಂತೆ ಉರಿ. ಫ್ಯಾನ್ ಹಾಕಿ, ತಣ್ಣೀರು ಸಿಂಪಡಿಸಿ, ನಡುವೆ ದೀಪ ನಿಲ್ಲಿಸಿ ಸುಧಾರಿಸುತ್ತಾರೆ. ಎರಡು ದಿನ ಆ ಜಾಗಕ್ಕೆ ಬಿಸಿಲು ತಾಗಬಾರದು. ಕೆಂಪಾಗಿ, ಹಕ್ಕಳೆ ಕಟ್ಟಿ, ವಾರ ಹತ್ತು ದಿನದಲ್ಲಿ ಉದುರಿ ಹೊಸ ಚರ್ಮ ಕಾಣುತ್ತದೆ. ಮೂರು ತಿಂಗಳಿಗೆ ನೋಡಿದಾಗ ಹತ್ತು ಬಿಸಿಲ ಮಚ್ಚೆಗಳಲ್ಲಿ ಏಳರಿಂದ ಒಂಬತ್ತು ಹೋಗಿರುತ್ತವೆ. ಉಳಿದವಕ್ಕೆ ಇನ್ನೊಂದು ಸಲ.

ಡೆನ್ಮಾರ್ಕಿನ ವೈದ್ಯರು ದೀಪವನ್ನೇ ಬಿಟ್ಟು, ಮುಲಾಮು ಹಚ್ಚಿದ ಅರ್ಧ ಗಂಟೆಯೊಳಗೆ ರೋಗಿಯನ್ನು ಎರಡು ಗಂಟೆ ಹಗಲ ಬೆಳಕಿನಲ್ಲಿ ಕೂರಿಸುವ ಪದ್ಧತಿ ತಂದರು. ಪಾರ್ಫಿರಿನ್ ಸ್ವಲ್ಪ ಸ್ವಲ್ಪವೇ ಹುಟ್ಟುತ್ತ ಸ್ವಲ್ಪ ಸ್ವಲ್ಪವೇ ಖರ್ಚಾಗುವುದರಿಂದ ನೋವು ಬಹಳ ಕಡಿಮೆ. ಮುಂಬಯಿ ಸೀಮೆಯಲ್ಲಿ ಮಳೆಗಾಲ ಬಿಟ್ಟು ಉಳಿದ ತಿಂಗಳುಗಳ ಬೆಳಕು ಇದಕ್ಕೆ ಧಾರಾಳ.

ಕಂದು ಚರ್ಮದಲ್ಲಿ ಎರಡು ತೊಡಕುಗಳಿವೆ. ಮೆಲನಿನ್ ಬೆಳಕಿನ ಪಾಲನ್ನು ತಾನೇ ನುಂಗುತ್ತದೆ. ವಾಸಿಯಾದ ಜಾಗ ತಿಂಗಳುಗಟ್ಟಲೆ ಕಪ್ಪಾಗಿ ಉಳಿಯಬಹುದು. ಮೆಲನೋಮಕ್ಕೆ, ಕೆಳಕ್ಕೆ ಇಳಿದ ಸ್ಕ್ವಾಮಸ್ ಕ್ಯಾನ್ಸರಿಗೆ ಈ ಚಿಕಿತ್ಸೆ ಸಲ್ಲದು, ಅವನ್ನು ಕತ್ತರಿಸಿಯೇ ತೆಗೆಯಬೇಕು. ಅನುಮಾನವಿದ್ದಾಗ ಮೊದಲು ಚೂರು ತೆಗೆದು ಬಯಾಪ್ಸಿ ಮಾಡಿಸದೆ ದೀಪ ಹಿಡಿಯುವುದು ಅಪಾಯ: ಮೇಲೆ ಮಾಸಿ, ಒಳಗೆ ರೋಗ ಬೆಳೆಯುತ್ತದೆ. ಮೈಯಲ್ಲಿ ಪಾರ್ಫಿರಿನ್ ತಾನಾಗಿ ಕೂಡಿಕೊಳ್ಳುವ ಪಾರ್ಫಿರಿಯಾ ರೋಗ ಇರುವವರಿಗೂ ಇದು ಕೂಡದು.

ಬಿಸಿಲಲ್ಲದ ಆ ಬೇರೆ ದಾರಿಗಳಿಗೆ ಈಗ ಬರೋಣ. ನಮ್ಮ ಕಡೆಯ ಕ್ಯಾನ್ಸರ್‌ಪೂರ್ವ ಚರ್ಮದ ಅಧ್ಯಯನಕ್ಕೆ ಮುಂಬಯಿಯೇ ತವರು. ಟಾಟಾ ಸ್ಮಾರಕ ಆಸ್ಪತ್ರೆಯ ವಿ.ಆರ್. ಖಾನೋಲ್ಕರ್ ಮತ್ತು ಸೂರ್ಯಾಬಾಯಿ 1945ರಲ್ಲಿ, ಸೊಂಟಕ್ಕೆ ಬಿಗಿದು ಕಟ್ಟಿದ ಧೋತರ ಉಜ್ಜಿ ಉಜ್ಜಿ ಬರುವ ಕ್ಯಾನ್ಸರನ್ನು ವರ್ಣಿಸಿದರು. ಸೀರೆಯ ಒಳಲಂಗದ ಲಾಡಿ ಬಿಗಿಯುವ ಜಾಗದಲ್ಲೂ ಅಂಥದ್ದೇ ಬರುತ್ತದೆಂದು ಆಮೇಲೆ ಕಂಡುಬಂತು. ಖಾನೋಲ್ಕರ್ ಕಟ್ಟಿದ ಸಂಶೋಧನಾ ಕೇಂದ್ರ ಈಗ ನವಿ ಮುಂಬಯಿಯ ಖಾರ್‌ಘರ್‌ನಲ್ಲಿ ಆಕ್ಟ್ರೆಕ್ ಎಂಬ ಹೆಸರಿನಲ್ಲಿದೆ, ಡೊಂಬಿವಲಿಗೆ ದೂರವೇನಲ್ಲ.

ಕಾರ್ಖಾನೆಯ ಕೈಗಳ ವಿಷಯ ಇನ್ನೂ ಹತ್ತಿರದ್ದು. ಕಲ್ಲಿದ್ದಲ ಡಾಂಬರು, ಪಿಚ್ ಮುಟ್ಟುವವರಿಗೆ ಬಿಸಿಲಿಗೆ ಬಂದೊಡನೆ ಚರ್ಮ ಉರಿಯುತ್ತದೆ. ಅದರಲ್ಲಿರುವ ಅಕ್ರಿಡೀನ್, ಆಂತ್ರಸೀನ್ ಅಲ್ಲಿ ಹತೋಟಿಯಿಲ್ಲದೆ ಮಾಡುವುದು ಈ ಫೋಟೊಡೈನಾಮಿಕ್ ಕೆಲಸವನ್ನೇ. ವರ್ಷಗಳ ಮೇಲೆ ಮುಂಗೈ, ಮುಖ, ವೃಷಣದ ಚೀಲದ ಮೇಲೆ ಡಾಂಬರಿನ ನರುಲಿಗಳು ಏಳುತ್ತವೆ. 1775ರಲ್ಲೇ ಲಂಡನ್ನಿನ ಪರ್ಸಿವಲ್ ಪಾಟ್ ಹೊಗೆಗೂಡಿನ ಮಸಿ ಗುಡಿಸುವ ಹುಡುಗರಲ್ಲಿ ಇದರ ಕೊನೆಯಾದ ಕ್ಯಾನ್ಸರನ್ನು ಕಂಡಿದ್ದ; 1915ರಲ್ಲಿ ಜಪಾನಿನ ಯಾಮಗಿವ ಮತ್ತು ಇಚಿಕಾವ ಮೊಲದ ಕಿವಿಗೆ ತಿಂಗಳುಗಟ್ಟಲೆ ಡಾಂಬರು ಬಳಿದು ಕ್ಯಾನ್ಸರ್ ಬರಿಸಿ ತೋರಿಸಿದರು. ಇಂದು ರಸ್ತೆಗೆ ಹಾಕುವ ಬಿಟುಮಿನ್ ಪೆಟ್ರೋಲಿಯಂನಿಂದ ಬಂದದ್ದು, ಅದು ಬೇರೆ. ಭಾರತದ 1948ರ ಕಾರ್ಖಾನೆ ಕಾಯ್ದೆ ಚರ್ಮದ ಕ್ಯಾನ್ಸರ್, ಆರ್ಸೆನಿಕ್ ವಿಷ, ಕ್ರೋಮ್ ಹುಣ್ಣುಗಳನ್ನು ಸರ್ಕಾರಕ್ಕೆ ತಿಳಿಸಲೇಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ತಿಳಿಸುವ ಹೊಣೆ ಮಾಲೀಕನದಷ್ಟೇ ಅಲ್ಲ, ರೋಗಿಯನ್ನು ನೋಡಿದ ವೈದ್ಯರದೂ ಹೌದು. ಮುಂಗೈಯ ಒರಟು ಮಚ್ಚೆಗೆ ಮುಲಾಮು ಕೊಟ್ಟು ಕಳಿಸುವ ಮುಂಚೆ ಏನು ಕೆಲಸ ಮಾಡುತ್ತೀರಿ ಎಂದು ಕೇಳುವ ವೈದ್ಯರು ಎಂಐಡಿಸಿಯಂಥ ಕಡೆ ಬೇಕು.

ಇನ್ನು ಕುಡಿಯುವ ನೀರಿನ ಆರ್ಸೆನಿಕ್. ಕರ್ನಾಟಕದಲ್ಲಿ ಅದರ ಅತಿ ದಾರುಣ ಉದಾಹರಣೆ ಯಾದಗಿರಿ ಜಿಲ್ಲೆ ಸುರಪುರ ಸೀಮೆಯ ಕಿರದಳ್ಳಿ ತಾಂಡಾ. ಕರಾವಳಿಯ ಮಂಗಳೂರಲ್ಲ, ಅಲ್ಲಿಯೇ ಹತ್ತಿರದ ಮಂಗಳೂರು ಎಂಬ ಊರಿನ ಹೆಸರು ಹೊತ್ತ ಚಿನ್ನದ ಶಿಲಾಪಟ್ಟಿಯಲ್ಲಿ ಈ ಲಂಬಾಣಿ ತಾಂಡಾ ಇದೆ. ಚಿನ್ನದ ಜೊತೆಗೆ ಬಂಡೆಯಲ್ಲಿರುವ ಆರ್ಸೆನಿಕ್ ಕೊಳವೆಬಾವಿಯ ನೀರಿಗೆ ಇಳಿಯಿತು. ಕುಡಿಯುವ ನೀರಿನಲ್ಲಿ ಲೀಟರಿಗೆ 10 ಮೈಕ್ರೊಗ್ರಾಂ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಇಲ್ಲಿ ಸಿಕ್ಕಿದ್ದು ಅದರ ಹಲವು ಪಟ್ಟು. ಜಾದವಪುರ ವಿಶ್ವವಿದ್ಯಾಲಯದ ದೀಪಂಕರ್ ಚಕ್ರವರ್ತಿ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಪಾಸಣೆಯಾದವರ ಪೈಕಿ ಅರ್ಧಕ್ಕಿಂತ ಹೆಚ್ಚು ಜನರ ಚರ್ಮದ ಮೇಲೆ ಆರ್ಸೆನಿಕ್ಕಿನ ಗುರುತುಗಳಿದ್ದವು. ಎದೆ, ಬೆನ್ನಿನ ಮೇಲೆ ಧೂಳಿನ ನೆಲಕ್ಕೆ ಮಳೆಹನಿ ಬಿದ್ದಂಥ ಚುಕ್ಕೆಗಳು. ಅಂಗೈ, ಅಂಗಾಲಿನಲ್ಲಿ ಜೋಳದ ಕಾಳು ಹುದುಗಿಸಿದಂಥ ಗಂಟುಗಳು. ಬೋವೆನ್ ರೋಗ ಇಂಥವರಲ್ಲಿ ಬಟ್ಟೆ ಮುಚ್ಚಿದ ಮೈಮೇಲೆ, ಒಂದಲ್ಲ ಹಲವು ಕಡೆ ಏಳುತ್ತದೆ.

ಅಂಗೈಯ ದಪ್ಪ ಗಂಟುಗಳಿಗೆ ಪಿಡಿಟಿಯ ಬೆಳಕೂ ಮುಲಾಮೂ ಇಳಿಯಲಾರವು. ಮೊದಲು ಸ್ಯಾಲಿಸಿಲಿಕ್ ಆಮ್ಲದಿಂದ ಮೆತ್ತಗೆ ಮಾಡಿ ಕೆರೆಯಬೇಕು. ಮೈಮೇಲಿನ ತೆಳು ಮಚ್ಚೆಗಳಿಗೆ ಪಿಡಿಟಿ ಚೆನ್ನಾಗಿ ಒದಗುತ್ತದೆ. ಕತ್ತರಿಸಿದರೆ ಒಂದೊಂದಕ್ಕೂ ಹೊಲಿಗೆ, ಕಲೆ ಉಳಿಯುತ್ತವೆ. ಬೆಳಕಿನ ಚಿಕಿತ್ಸೆಯಲ್ಲಿ ಗಾಯದ ಕಲೆ ಅಪರೂಪ, ಅದೇ ಜಾಗಕ್ಕೆ ಎಷ್ಟು ಸಲ ಬೇಕಾದರೂ ಕೊಡಬಹುದು. ಆರ್ಸೆನಿಕ್ ನೀರು ನಿಲ್ಲಿಸಿ ಹತ್ತಿಪ್ಪತ್ತು ವರ್ಷ ಕಳೆದ ಮೇಲೂ ಹೊಸ ಮಚ್ಚೆಗಳು ಏಳುತ್ತಲೇ ಇರುವುದರಿಂದ, ಇಂಥ ರೋಗಿಯನ್ನು ವರ್ಷಕ್ಕೊಮ್ಮೆಯಾದರೂ ಅಂಗಿ ಬಿಚ್ಚಿಸಿ, ಬೆನ್ನು, ಅಂಗಾಲು ಬಿಡದೆ ನೋಡಬೇಕಾಗುತ್ತದೆ.