ಕರಟದ ಇದ್ದಿಲು, ವೃಷಭಾವತಿಯ ನೀರು: ನಾಯಂಡಹಳ್ಳಿಯಿಂದ ಕಂಡ ಒಂದು ಚರಿತ್ರೆ

ಇದ್ದಿಲಿನಲ್ಲಿ ನೀರು ಸೋಸುವುದು ನಮ್ಮ ಪೂರ್ವಿಕರ ವಿದ್ಯೆ ಎಂಬ ಮಾತು ಸುಲಭವಾಗಿ ಚಲಾವಣೆಯಲ್ಲಿದೆ. ಸುಶ್ರುತ ಸಂಹಿತೆಯಲ್ಲಿ ಕದಡಿದ ನೀರನ್ನು ತಿಳಿಗೊಳಿಸಲು ಏಳು ವಸ್ತುಗಳ ಪಟ್ಟಿಯಿದೆ: ಕತಕ, ಗೋಮೇದಕ, ತಾವರೆಯ ಗೆಡ್ಡೆ, ಪಾಚಿಯ ಬೇರು, ಬಟ್ಟೆ, ಮುತ್ತು, ಮಣಿ. ಇದರಲ್ಲಿ ಇದ್ದಿಲಿಲ್ಲ. ಕತಕವೆಂದರೆ ಚಿಲ್ಲದ ಬೀಜ. ಅದನ್ನು ತೇಯ್ದು ಹಾಕಿದರೆ ತೇಲುವ ಮಣ್ಣು ಗರಣೆಗಟ್ಟಿ ತಳಕ್ಕಿಳಿಯುತ್ತದೆ. ಕರಗಿದ ಬಣ್ಣ, ವಾಸನೆಗಳ ಮೇಲೆ ಅದರ ಆಟ ನಡೆಯದು. ಇದ್ದಿಲಿನ ಕೆಲಸ ಇರುವುದೇ ಅಲ್ಲಿ.

ಆ ಕೆಲಸವನ್ನು 1785ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಗುರುತಿಸಿದವನು ಟೋಬಿಯಾಸ್ ಲೋವಿಟ್ಜ್. ಆಮ್ಲದ ದ್ರಾವಣದ ಕಂದುಬಣ್ಣವನ್ನು ಇದ್ದಿಲು ಹೀರಿಕೊಂಡಿತ್ತು. ಹತ್ತೊಂಬತ್ತನೆಯ ಶತಮಾನದ ಸಕ್ಕರೆ ಕಾರ್ಖಾನೆಗಳು ಮೂಳೆಯ ಇದ್ದಿಲನ್ನು ಬಳಸಿದವು. ಹಬೆಯಲ್ಲಿ ಸುಟ್ಟು ಸೂಕ್ಷ್ಮರಂಧ್ರ ತೆರೆಸಿ ಇದ್ದಿಲನ್ನು ಸಕ್ರಿಯ ಇಂಗಾಲವಾಗಿಸುವ ಕ್ರಮಕ್ಕೆ 1900ರ ಆಸುಪಾಸಿನಲ್ಲಿ ಒಸ್ಟ್ರೆಯ್ಕೊ ಎಂಬಾತ ಪೇಟೆಂಟ್ ಪಡೆದ. ಮೊದಲ ಮಹಾಯುದ್ಧದ ವಿಷಾನಿಲದ ಮುಖವಾಡಗಳು ತೆಂಗಿನ ಕರಟಕ್ಕೆ ಬೆಲೆ ತಂದವು. ಕುಡಿಯುವ ನೀರಿಗೆ ಈ ಇಂಗಾಲ ದೊಡ್ಡದಾಗಿ ಬಂದದ್ದು 1920ರ ದಶಕದ ಕೊನೆಯಲ್ಲಿ, ಅಮೆರಿಕದಲ್ಲಿ: ಕಾರ್ಖಾನೆಗಳ ಫೀನಾಲ್ ಕ್ಲೋರಿನ್ನಿನೊಡನೆ ಬೆರೆತು ನಲ್ಲಿ ನೀರು ಬಾಯಿಗಿಡಲಾಗದಂತಾಗಿತ್ತು.

ಬೆಂಗಳೂರಿಗೆ ಆ ತೊಡಕೇ ಬರಲಿಲ್ಲ. 1896ರಲ್ಲಿ ಹೆಸರಘಟ್ಟ, 1933ರಲ್ಲಿ ತಿಪ್ಪಗೊಂಡನಹಳ್ಳಿ, 1974ರಲ್ಲಿ ನೂರು ಕಿಲೋಮೀಟರ್ ಆಚೆಯ ಕಾವೇರಿ ಎಂದು ಊರು ಪ್ರತಿ ಸಲ ಇನ್ನಷ್ಟು ದೂರದ ಶುದ್ಧ ನೀರಿಗೆ ಕೈಚಾಚಿತು. ಜ್ಞಾನದ ಕೊರತೆಯಿತ್ತು ಎನ್ನುವಂತಿಲ್ಲ. ಕೊಳಚೆ ಸಂಸ್ಕರಣೆಯ ಕ್ರಾಂತಿಗೆ ಕಾರಣರಾದ ಮ್ಯಾಂಚೆಸ್ಟರಿನ ಗಿಲ್ಬರ್ಟ್ ಫೌಲರ್ 1916ರಲ್ಲೇ ಇಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದಿದ್ದರು. ನಮೀಬಿಯಾದ ವಿಂಡ್‌ಹೂಕ್ ಕೊಳಚೆ ನೀರನ್ನೇ ಸಕ್ರಿಯ ಇಂಗಾಲದ ಮೂಲಕ ಹಾಯಿಸಿ 1968ರಲ್ಲಿ ಕುಡಿಯತೊಡಗಿತು. ಅದಕ್ಕೆ ಬೇರೆ ನದಿ ಇರಲಿಲ್ಲ, ನಮಗಿತ್ತು. ವ್ಯತ್ಯಾಸ ಅಷ್ಟೇ ಎಂಬುದು ನನ್ನ ಅಂದಾಜು.

ತಂದ ನೀರಿನ ಒಂದು ಪಾಲು ಬಳಕೆಯಾಗಿ ಹರಿದದ್ದು ವೃಷಭಾವತಿಗೆ. ಬಸವನಗುಡಿ, ಮಲ್ಲೇಶ್ವರಗಳ ಕಡೆಯಿಂದ ಬರುವ ಹೊಳೆ ಗಾಳಿ ಆಂಜನೇಯನ ಗುಡಿ ದಾಟಿ ನಾಯಂಡಹಳ್ಳಿಗೆ ಬರುವಾಗ ರಾಜಾಜಿನಗರ, ಪೀಣ್ಯಗಳ ಕಾರ್ಖಾನೆ ನೀರನ್ನೂ ಹೊತ್ತಿರುತ್ತದೆ. ಇಲ್ಲೇ ಮೈಸೂರು ರಸ್ತೆಯ ಬದಿಗೆ ಜಲಮಂಡಳಿಯ ಹಳೆಯ ಘಟಕವಿದೆ: ದಿನಕ್ಕೆ 18 ಕೋಟಿ ಲೀಟರ್ ಸಾಮರ್ಥ್ಯ, ಜಲ್ಲಿಯ ಮೇಲೆ ನೀರು ತೊಟ್ಟಿಕ್ಕಿಸಿ ಸೂಕ್ಷ್ಮಜೀವಿಗಳಿಗೆ ಉಣಿಸುವ ಕ್ರಮ. ಈ ನದಿಗೆ ನೇರವಾಗಿ ಇಂಗಾಲ ಹಾಕಿದರಾಯಿತು ಎನ್ನುವವರು ಒಂದು ಲೆಕ್ಕ ಮರೆಯುತ್ತಾರೆ. ಒಂದು ಗ್ರಾಂ ಒಳ್ಳೆಯ ಇಂಗಾಲದ ಒಳಮೈ ಸಾವಿರ ಚದರ ಮೀಟರಿನಷ್ಟು ಹರಡಿದ್ದರೂ, ಹಸಿ ಕೊಳಚೆಯ ಸಾವಯವ ಹೊರೆಗೆ ಅದು ಬೇಗ ತುಂಬಿಹೋಗುತ್ತದೆ. ನೈಟ್ರೇಟ್, ಕರಗಿದ ಉಪ್ಪುಗಳನ್ನು ಅದು ಹಿಡಿಯುವುದೇ ಇಲ್ಲ. ಗಿಲೀಟು ಕಾರ್ಖಾನೆಗಳ ಕ್ರೋಮಿಯಂ ಆಮ್ಲೀಯ ನೀರಿನಲ್ಲಿ ಚೆನ್ನಾಗಿ ಸಿಕ್ಕುತ್ತದೆ, ಹೊಳೆಗೆ ಬಂದು ಬೆರೆತ ಮೇಲೆ ಕಷ್ಟ. ಹಾಗಾಗಿ ಅದನ್ನು ಕಾರ್ಖಾನೆಯ ಬಾಗಿಲಲ್ಲೇ ತಡೆಯಬೇಕು.

ಇಂಗಾಲ ಕಡೆಗೂ ಈ ಕಡೆಗೆ ಬಂತು, ಆದರೆ ಹೊಳೆಯ ದಂಡೆಗಲ್ಲ, ಅಪಾರ್ಟ್‌ಮೆಂಟುಗಳ ನೆಲಮಾಳಿಗೆಗೆ. ದೊಡ್ಡ ವಸತಿ ಸಮುಚ್ಚಯಗಳಿಗೆ ಸ್ವಂತ ಕೊಳಚೆ ಸಂಸ್ಕರಣಾ ಘಟಕ (ಎಸ್‌ಟಿಪಿ) ಕಡ್ಡಾಯವಾದ ಮೇಲೆ ಮರಳಿನ ಫಿಲ್ಟರ್, ಅದರ ಪಕ್ಕ ಕಾರ್ಬನ್ ಫಿಲ್ಟರ್ ಜೋಡಿ ರೂಢಿಯಾಯಿತು. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ 2011ರಲ್ಲಿ ಹೊರತಂದ ಅನಂತ ಕೊಡವಸಲ್ ಅವರ ಎಸ್‌ಟಿಪಿ ಕೈಪಿಡಿಯಲ್ಲಿ ಈ ವ್ಯವಸ್ಥೆಯ ವಿವರಗಳಿವೆ. ಬ್ಯಾಕ್‌ವಾಶ್ ಮಾಡಿದರೆ ಕೆಸರು ಹೋಗುತ್ತದೆಯೇ ಹೊರತು ತುಂಬಿದ ರಂಧ್ರ ಖಾಲಿಯಾಗದು, ಇಂಗಾಲವನ್ನೇ ಬದಲಿಸಬೇಕು. ನಿವಾಸಿಗಳ ಸಂಘದ ಸಭೆಗಳಲ್ಲಿ ಮೊದಲು ಕತ್ತರಿ ಬೀಳುವ ಖರ್ಚೂ ಇಂಥದ್ದೇ.

ಈಗ ವೃಷಭಾವತಿ ಕಣಿವೆಯ ನೀರನ್ನು ಎರಡನೇ ಹಂತದವರೆಗೆ ಸಂಸ್ಕರಿಸಿ ನೆಲಮಂಗಲ, ತುಮಕೂರು ಭಾಗದ ಕೆರೆಗಳಿಗೆ ಏರಿಸುವ ಯೋಜನೆ ನಡೆದಿದೆ. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ (ಕೆ.ಸಿ.) ವ್ಯಾಲಿಯ ಸಂಸ್ಕರಿಸಿದ ಕೊಳಚೆ ನೀರು ತುಂಬಿಸಿದ ಕೋಲಾರದ ಕೆರೆಗಳಲ್ಲಿ 2018ರಲ್ಲಿ ನೊರೆ ಕಂಡಾಗ ಎದ್ದ ಮೂರನೇ ಹಂತದ ಸಂಸ್ಕರಣೆಯ ಬೇಡಿಕೆ ಇಲ್ಲಿಯೂ ಇದೆ. ಮೂರನೇ ಹಂತ ಎಂದ ಮಾತ್ರಕ್ಕೆ ಇಂಗಾಲ ಬಂದಂತಲ್ಲ. ಬರೀ ಮರಳು ಮತ್ತು ಕ್ಲೋರಿನ್ನಿಗೂ ಆ ಹೆಸರು ಸಲ್ಲುತ್ತದೆ. ಬೇಡಿಕೆಯಿಡುವವರು ಯಾವುದನ್ನು ಕೇಳುತ್ತಿದ್ದೇವೆಂದು ಬಿಡಿಸಿ ಹೇಳಬೇಕು. ಕಚ್ಚಾವಸ್ತುವಿಗಂತೂ ಕೊರತೆಯಿಲ್ಲ: ತಿಪಟೂರಿನ ಕೊಬ್ಬರಿಯ ಜೊತೆ ರಾಶಿಬೀಳುವ ಕರಟ ಅದೇ ತುಮಕೂರು ಜಿಲ್ಲೆಯಲ್ಲಿ ಇದ್ದಿಲಾಗಿ ಹೊರಗಿನ ಇಂಗಾಲ ಕಾರ್ಖಾನೆಗಳಿಗೆ ಲಾರಿಯೇರುತ್ತದೆ.